ದೇಶ ಹಾಕಿದ ಟೋಪಿ

...ಟೋಪಿ ಕಣೇ ಎಫೀ, ಬರೀ ಟೋಪಿ! ಸ್ಕಾಟ್ಲೆಂಡಿನ ಪರವಾಗಿ ರಗ್ಬಿ ಆಡಿದ್ದಕ್ಕೆ ನನ್ನ ತಮ್ಮನಿಗೆ ಸಿಕ್ಕಿದ್ದು ಇದೊಂದೇ. ಇಂಗ್ಲಿಷರು ಮೂಗು ಮುರಿದ್ರು, ನಮ್ಮವರು ಟೋಪಿ ಹಾಕಿದ್ರು! ಮಖಮಲ್ಲಂತೆ, ಕುಚ್ಚು ಬೇರೆ... ಯಾಕೆ ನಗ್ತೀಯ? ಮದುವೆ ಆಗು, ಆರ್ಚಿ ನಿನಗೂ ಒಂದು ಹಾಕ್ತಾನೆ.

ರೊಟ್ಟಿ ತಗೋ. ಬೆಣ್ಣೆ ಅಲ್ಲಿದೆ.

ಅವತ್ತು ಗೆರೆ ದಾಟಿ ಚೆಂಡು ನೆಲಕ್ಕೆ ಊರಿದ್ನಂತೆ, ಜನ ಹುಚ್ಚೆದ್ದು ಕೂಗಿದ್ರಂತೆ. ಅಂಕ ಎಷ್ಟು ಬಂತು? ಸೊನ್ನೆ! ಗೆರೆ ದಾಟಿದ್ರೆ ಒಂದು ಸಲ ಒದೆಯೋಕೆ ಬಿಡ್ತಾರೆ, ಅಷ್ಟೇ. ಒದ್ದ ಮಹಾರಾಯ ಕಂಬದ ನಡುವೆ ಕಳಿಸೋದು ಬಿಟ್ಟು ಯಾರೋ ಪಾದ್ರಿಯ ಹ್ಯಾಟು ಹಾರಿಸಿದ!

ಆಮೇಲೆ ಕ್ರಿಕೆಟ್. ಅದಕ್ಕೂ ಸ್ಕಾಟ್ಲೆಂಡಿಗೆ ಇವನೇ ಬೇಕಾಯ್ತು! ಬ್ಯಾಟು ಹಿಡಿದು ಏನು ಠೀವಿ... ಮೊದಲನೇ ಚೆಂಡಿಗೇ ಔಟು. ಹೋದ ಪುಟ್ಟ, ಬಂದ ಪುಟ್ಟ! "ಗ್ರಿಜೆಲಕ್ಕಾ, ಬಿಸಿಲು ಕಣ್ಣಿಗೆ ಹೊಡೀತು" ಅಂದ. ಎಡಿನ್‌ಬರೋದಲ್ಲಿ ಬಿಸಿಲು! ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.

ನಗು, ನಗು. ಶನಿವಾರ ಸಂಜೆ ಬಂದು ನೋಡು, ಅಂಗಿ ಯಾವುದು ಕೆಸರು ಯಾವುದು ಗೊತ್ತಾಗಲ್ಲ. ಅದನ್ನ ಒಗೆಯೋಳು ಯಾರು? ಬಾತುಕೊಂಡ ಮಂಡಿಗೆ ಎಣ್ಣೆ ತಿಕ್ಕೋಳು ಯಾರು? ಈ ಬಿಳೀ ಬೆರಳಲ್ಲಿ ಆಗುತ್ತಾ ನಿನಗೆ? ನಿನ್ನ ಒಳ್ಳೇದಕ್ಕೇ ಹೇಳ್ತೀನಿ ಕಣೇ, ಕಾಲ ಮಿಂಚಿಲ್ಲ, ಉಂಗುರ ವಾಪಸ್ ಕೊಟ್ಬಿಡು.

ಏನು, ಟೋಪಿ ಮೂಸಿ ನೋಡ್ತಿದ್ದೀಯ? ...ಲ್ಯಾವೆಂಡರ್ ಅದು. ನುಸಿ ಹಿಡೀಬಾರ್ದು ಅಂತ ಇಟ್ಟೆ. ಅಭಿಮಾನ ಗಿಭಿಮಾನ ಅಂದ್ಕೋಬೇಡ! ಕುಚ್ಚು ಎಳೀಬೇಡ್ವೇ, ಬಿಚ್ಚಿಹೋಗುತ್ತೆ!

ಅವನಿಗೆ ಆಟ ಹುಟ್ಟಿನಿಂದ ಬಂತು ಅಂದ್ಕೊಂಡ್ಯಾ? ಅಮ್ಮ ಹೋದಾಗ ಇಷ್ಟುದ್ದ ಇದ್ದ. ಅಳು ನಿಲ್ಲಿಸಲಿ ಅಂತ ಹಿತ್ತಲಲ್ಲಿ ಚೆಂಡು ಎಸೀತಿದ್ದೆ. ಅವನು ಹೊಡೆಯೋದು, ನಾನು ಹೆಕ್ಕಿ ತರೋದು. ಹೊಡೆಯೋದು, ತರೋದು... ನನ್ನ ವಯಸ್ಸೆಲ್ಲ ಅದೇ ಆಯ್ತು ಬಿಡು.

ಇಲ್ಲಮ್ಮ, ಮದುವೆ ಆದ್ಮೇಲೆ ನಾನು ನಿಮ್ಮ ಜೊತೆ ಇರೋಕೆ ಬರಲ್ಲ. ನನಗೆ ಯಾರ ಹಂಗೂ ಬೇಡ. ಪೀಬಲ್ಸ್‌ನಲ್ಲಿ ಚಿಕ್ಕಮ್ಮ ಇದ್ದಾಳೆ, ಒಂದು ಕೋಣೆ ಕೊಡ್ತಾಳೆ. ಕೊಡದೇ ಏನು... ಒಬ್ಬಳಿಗೆ ಎಷ್ಟು ಜಾಗ ಬೇಕು? ನೀನು ಕೇಳಿದ್ದಕ್ಕೆ ಹೇಳಿದೆ.

...ಕೇಳಲಿಲ್ವಾ?

ನೀನು ಬಾಯೇ ಬಿಡಲಿಲ್ಲ, ಅಲ್ವಾ...

ಹಾಗೆ ನೋಡಬೇಡ ಎಫೀ. ಆಗಿನಿಂದ ನಗ್ತಾನೇ ಇದ್ದೆಯಲ್ಲ... ಈಗ ನಗೇ.