ಲೆಕ್ಕಕ್ಕೆ ಸಿಗದ ಹನ್ನೆರಡು ರೆಕಾರ್ಡು

ಬರ್ಮಿಂಗ್‌ಹ್ಯಾಮ್ ಪೇಟೆಗೆ ಹೊರಟ ಬಸ್ಸಿನಲ್ಲಿ ಮುದುಕ ಎಗ್ಬರ್ಟ್ ಬಾಳೆಕಾಯಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮುಂದಿನ ಸೀಟಿನಲ್ಲಿ ಸೋಲ್ ಸಂಗೀತದ ಬ್ಯಾಂಡೊಂದರ ತುತ್ತೂರಿಗಾರ ಲಿನ್ವಾಲ್, ಪಕ್ಕದಲ್ಲಿ ಜಮೈಕಾದಿಂದ ಬಂದು ಇಲ್ಲಿ ನೆಲೆಸಿದ್ದ ಅವನ ತಾಯಿ ಐಸಿಲ್ಡಾ.

"ನಮ್ಮ ಹಾಡು ರೆಕಾರ್ಡು ಮಾರಾಟದ ಪಟ್ಟೀಲಿ ಮೂವತ್ತೊಂದರಲ್ಲೇ ನಿಂತುಬಿಡ್ತಮ್ಮ. ಇನ್ನೊಂದು ಮೆಟ್ಲು ಹತ್ತಿದ್ರೆ ಟಿವಿಯೋರು ಕರೀತಿದ್ರು."

"ಅದ್ಹೆಂಗೋ? ನಾನೊಬ್ಳೇ ಹನ್ನೆರಡು ರೆಕಾರ್ಡು ತಗೊಂಡಿದೀನಿ. ಚರ್ಚಿನ ಹೆಂಗಸ್ರೆಲ್ಲ ತಗೊಂಡಿದಾರೆ."

"ಎಲ್ಲಿ ತಗೊಂಡ್ರಿ?"

"ಇನ್ನೆಲ್ಲಿ? ನಮ್ಮ ಹ್ಯೂಬರ್ಟ್ ಅಂಗಡೀಲಿ."

"ಅಯ್ಯೋ ಅಮ್ಮ! ಪಟ್ಟಿ ಮಾಡೋರು ಆ ಅಂಗಡೀನ ಕೇಳೋದೇ ಇಲ್ಲ. ಪೇಟೆಯ ದೊಡ್ಡಂಗಡಿಯೋರು ಬರ್ಕೊಟ್ಟಿದ್ದಷ್ಟೇ ಲೆಕ್ಕ."

"ಮೊದ್ಲೇ ಬಾಯಿ ಬಿಡೋಕೇನಾಗಿತ್ತು? ತುತ್ತೂರಿ ಊದೋಕೆ ಮಾತ್ರನಾ ನಿಂಗೆ ಬಾಯಿರೋದು? ಏಳು, ದೊಡ್ಡಂಗಡಿಗೇ ಹೋಗಿ ಇನ್ನೊಂದ್ಸಲ ತಗೊಳ್ಳೋಣ."

"ಮನೇಲಿರೋ ಹನ್ನೆರಡು?"

"ಜಮೈಕಾದಲ್ಲಿ ನಂಟರಿಗೇನು ಬರವಾ? ಕಳಿಸಿದ್ರಾಯ್ತು."

ಅವಳು ಎದ್ದದ್ದನ್ನು ಕಂಡು ಎಗ್ಬರ್ಟ್, ಬೆಳಿಗ್ಗೆ ತಾನೂ ಹ್ಯೂಬರ್ಟ್ ಅಂಗಡಿಯಲ್ಲಿ ಕೊಂಡಿದ್ದ ಅದೇ ರೆಕಾರ್ಡನ್ನು ಮೆಲ್ಲಗೆ ಬಾಳೆಕಾಯಿಗಳ ಕೆಳಕ್ಕೆ ತಳ್ಳಿದ.

ಬಸ್ಸು ನಿಂತಿತು. ಐಸಿಲ್ಡಾ ಬಾಗಿಲ ಬಳಿ ತಿರುಗಿದಳು.

"ಅಣ್ಣಾ, ಬಾಳೆಕಾಯಿ ಕೆಳಗಿರೋದು ನಂಗೆ ಕಾಣಿಸ್ತು. ನೀವೂ ಇಳೀರಿ."

ತಾಯಿ ಮಗ ದೊಡ್ಡಂಗಡಿಯ ಕಡೆ ನಡೆದರು. ಎಗ್ಬರ್ಟ್ ಇಳಿಯಬೇಕಾದ ಸ್ಟಾಪು ಇನ್ನೂ ದೂರವಿತ್ತು. ಆದರೂ ಅವನು ಚೀಲ ಎತ್ತಿಕೊಂಡು ಎದ್ದ.