ಇಂಜಿನ್ನಿಗೊಂದಿಷ್ಟು ತಣ್ಣನ್ನ ಹವಾ

ಅಲ್ರೀ ಚಾಚಿ, ಇದನ್ನ ನನಗ ಮೊದಲ ಹೇಳಿದವರಽ ನಿಮ್ಮ ಮನಿಯವರು! ಮಕ್ತುಮಸಾಬ ಚಾಚಾ! "ಬಾಯಾರ, ಇಂಜಿನ್ ಅಂದ್ರ ಮನಷ್ಯಾ ಇದ್ದಂಗ. ಬಿಸಿ ಹವಾ ಕುಡಿಸಿದ್ರ ತೇಕತೈತಿ, ತಣ್ಣನ್ನ ಹವಾ ಕುಡಿಸಿದ್ರ ಓಡತೈತಿ" ಅಂತ. ಇಪ್ಪತ್ತು ವರ್ಷ ಆತು ನಾ ಕಾಲೇಜಿನ್ಯಾಗ ಫಿಜಿಕ್ಸ್ ಕಲಸಾಕ ಹತ್ತಿ. ತಣ್ಣನ್ನ ಹವಾ ಅಂದ್ರ ಒತ್ತಾಗಿರತೈತಿ, ಅದರಾಗ ಆಕ್ಸಿಜನ್ ಜಾಸ್ತಿ, ಆಕ್ಸಿಜನ್ ಜಾಸ್ತಿ ಅಂದ್ರ ಪೆಟ್ರೋಲ್ ಛಲೋ ಉರೀತೈತಿ... ಇದಕ್ಕ ನಾ ಒಂದು ತಾಸು, ಎರಡು ಬಾಜು ಬೋರ್ಡು ತಗೋತೀನಿ. ಚಾಚಾ ಒಂದ ಮಾತಿನಾಗ ಮುಗಿಸಿಬಿಟ್ರು, ಅದೂ ಬೀಡಿ ಹಚ್ಚಿಕೋತ! ನನಗ ಅವತ್ತಽ ಸ್ವಲ್ಪ ಹೊಟ್ಟಿಕಿಚ್ಚು ಆತೋ ಏನೋ... ನಗಬ್ಯಾಡ್ರಿ. ಖರೇನಽ ಹೇಳಾಕತ್ತೇನಿ.

ಇಲ್ಲ, ಇಲ್ಲ, ಚಾ ಬ್ಯಾಡ. ನೀವು ಕುಂದರ್ರಿ ಮೊದಲ. ಚಾಚಾ ನಮಾಜ್ ಮುಗಿಸಿ ಬರಾಕ ಇನ್ನೂ ಅರ್ಧಾ ತಾಸು ಐತೆಲ್ಲಾ? ಅದಕ್ಕಽ ಈಗ ಬಂದೆ. ಮಾತು ನಿಮ್ಮ ಜೋಡಿ ಐತಿ.

ಹನ್ನೆರಡು ದಿನಾ ಆತಂತ ಅವರು ಗ್ಯಾರೇಜಿಗೆ ಕಾಲಿಟ್ಟಿಲ್ಲ. ಹೌದಲ್ರಿ? ನಲವತ್ತು ವರ್ಷ ಲಕಮನಹಳ್ಳ್ಯಾಗ ಪಾನಾ ಹಿಡದು ಗಾಡಿ ಬಿಚ್ಚಿ ಕಟ್ಟಿದ ಮನಷ್ಯಾ, ಹಿಂಗ ಮನ್ಯಾಗ ಖಾಟಿನ ಮ್ಯಾಲ ಕುಂತರ ಹೆಂಗ್ರಿ? ಆಫ್ತಾಬ ಮನಸಿನ್ಯಾಗ ಏನೂ ಇಟ್ಕೊಂಡಿಲ್ಲ. ಅವನ ಗ್ಯಾರೇಜು, ಅವನು ಮಾಲಕ, ನಾಕ ಮಂದಿ ಮುಂದ ಬಿಸಿಯಾಗಿ ಒಂದ ಮಾತು ಅಂದ. ಅಷ್ಟಽ. ನಮ್ಮ ಮನಿಯವರಿಗೂ ನಾನಽ ಹೇಳೀನಿ, "ಮರ್ತಬಿಡ್ರಿ, ಅರವತ್ತೈದು ದಾಟಿದಮ್ಯಾಲ ಯಾರ ಕೈ ತಪ್ಪಂಗಿಲ್ಲ" ಅಂತ. ನೋಡ್ರಿ ನನ್ನ ದೊಡ್ಡ ಮನಸು! ನಾನಽ ಬಂದು ಕ್ಷಮಾ ಮಾಡಿ ಹೋಗಾಕತ್ತೇನಿ...

ಯಾಕ ಹಂಗ ನೋಡಾಕತ್ತೀರಿ?

ಕೂಲರಿನ ಸಪ್ಪಳಕ್ಕ ಕೇಳವಲ್ದೇನು? ಬಂದ್ ಮಾಡ್ಲಿ? ಬ್ಯಾಡ? ಸರಿ, ಇರವಲ್ದ್ಯಾಕ.

ಅಲ್ಲ, ನೀವು ಏನ ಕೇಳೀರೋ ಏನೋ, ಅದಕ್ಕ ಮೊದಲಿಂದ ಹೇಳ್ತೀನಿ. ನಮ್ಮ ಮನಿಯವರದು ಆ ಹಳೇ ಕೆಂಪು ಕಾರು ಐತೆಲ್ಲಾ? ನನ್ನ ಮದವಿಗಿಂತ ಮೊದಲ ಆ ಮನಿಗೆ ಬಂದದ್ದು. ನನಗಿಂತ ಸೀನಿಯರ್. ಮುಂಜಾನೆ ಎದ್ದು ಮೊದಲ ಅದರ ಮೈ ಒರಸ್ತಾರ, ಆಮ್ಯಾಲ ನನ್ನ ಮಾರಿ ನೋಡ್ತಾರ. ಸೀನಿಯರಿಟಿ ಪ್ರಕಾರನಽ ನಡೀಬೇಕಲ್ರಿ, ಸರಕಾರಿ ಕಚೇರ್ಯಾಗ ಇರೂ ಮನಷ್ಯಾ. ಅದಕ್ಕ ಹೋದ ವರ್ಷ ಆಫ್ತಾಬನ ಗ್ಯಾರೇಜಿನ್ಯಾಗ ದೊಡ್ಡ ಇಂಜಿನ್ ಕೂಡ್ರಿಸಿದ್ರು. ಮೈ ಸಣ್ಣದು, ಎದಿ ದೊಡ್ಡದು. ಹತ್ತು ನಿಮಿಷ ಹುಲಿ ಹಂಗ ಓಡತಿತ್ತು, ಹನ್ನೊಂದನೇ ನಿಮಿಷಕ್ಕ ಉಬ್ಬಸದ ಮುದುಕಿ.

ಯಾಕ ಅಂತ ಯಾರಿಗೂ ತಿಳೀಲಿಲ್ಲ. ಚಾಚಾ ಬಾನೆಟ್ ಎತ್ತಿ ಒಂದು ಕ್ಷಣ ನೋಡಿದ್ರು. ಹವಾ ಎಳಕೊಳ್ಳೋ ಫಿಲ್ಟರ್ ಡಬ್ಬಿ, ಹೊಗಿ ಹೋಗೂ ಕಾದ ಪೈಪು, ಎರಡೂ ಬಾಜುಬಾಜು. "ಒಲಿ ಮಗ್ಗಲಕ ತೊಟ್ಟಲಾ ಕಟ್ಟೀರಲ್ಲೋ ಮಾರಾಯಾ" ಅಂದ್ರು. ಆಮ್ಯಾಲ ನೋಡ್ರಿ, ನಿಮ್ಮ ಅಡಗಿಮನಿಯಿಂದನಽ ಹೋಗಿತ್ತಲ್ಲಾ ಆ ಶೇಂಗಾ ಎಣ್ಣಿ ಡಬ್ಬಿ? ಅದನ್ನ ಕತ್ತರಿಸಿ, ಬಡದು, ನಡುವ ಒಂದು ತಗಡಿನ ಗ್ವಾಡಿ ಕಟ್ಟಿದ್ರು. ಹೆಡ್‌ಲೈಟಿನ ಬಾಜು ಸಂದಿಯಿಂದ ಹೊರಗಿನ ಹವಾ ಬರೂಹಂಗ ಒಂದು ದಪ್ಪ ಪೈಪು ಎಳದ್ರು. ಹೇಳಿದ್ರ ಮೂರ ಮಾತು, ಮಾಡಾಕ ಮೂರು ದಿನಾ.

ನಾ ಸುಮ್ನ ಇರಬೇಕಲ್ಲಾ? ಕಾಲೇಜಿನ ಲ್ಯಾಬಿನಿಂದ ವಾಯರ್ ಇರೂ ಥರ್ಮಾಮೀಟರ್ ತಂದೆ. ರಜಿಸ್ಟರಿನ್ಯಾಗ ಬರದಽ ತಂದೀನ್ರಿ, ಹಂಗ ನೋಡಬ್ಯಾಡ್ರಿ. ಮೊದಲ ಡಬ್ಬಿಯೊಳಗಿನ ಹವಾ ಅರವತ್ತೆರಡು ಡಿಗ್ರಿ ಇತ್ತು. ಚಾಚಾನ ತಗಡು, ಪೈಪು ಆದಮ್ಯಾಲ ನಲವತ್ಮೂರು! ಹೊರಗ ಬಿಸಲು ಮೂವತ್ತೆಂಟು. ಇನ್ನ ಐದಽ ಡಿಗ್ರಿ ಫರಕು. "ಚಾಚಾ, ಇನ್ನೂ ಇಳಸಬಹುದಲ್ಲಾ?" ಅಂದೆ. ಅದಕ್ಕ ಅವರು, "ಸಾಕ್ರಿ ಬಾಯಾರ. ಹೊರಗಿನ ಹವಾ ಎಷ್ಟು ತಣ್ಣಗೈತಿ ಅಷ್ಟಽ ಗಾಡೀದು. ಅದಕಿಂತ ಹೆಚ್ಚಿಂದು ಬೇಡಾಕ ಹೋಗಬ್ಯಾಡ್ರಿ" ಅಂದ್ರು. ನಮ್ಮ ಮನಿಯವರು ಅಲ್ಲೇ ನಿಂತು ನಕ್ಕರು. "ಇಕೀ ಫಿಜಿಕ್ಸು ಪುಸ್ತಕದ ಹೊರಗ ಬಂದ್ರ ಬಿಸಲಿಗೆ ಬಾಡತೈತಿ ಚಾಚಾ" ಅಂತ. ಎಲ್ಲಾರೂ ನಕ್ಕರು. ನಾನೂ ನಕ್ಕೆ. ಭಾಳ ಛಲೋ ನಗತೀನಿ ನಾ ಅಂಥಾ ಹೊತ್ತಿನ್ಯಾಗ...

ಇರ್ಲಿ. ಆ ಐತವಾರದ್ದು ಹೇಳ್ತೀನಿ.

ಅಮ್ಮಿನಬಾವಿ ರಸ್ತಾದಾಗ ಗಾಡಿ ಓಡಿಸಿ ತೋರಸೂದಿತ್ತು. ಹುಬ್ಬಳ್ಳಿಯಿಂದ ನಾಕೈದು ಮಂದಿ ಗಾಡಿಹುಚ್ಚರು ಬಂದಿದ್ರು. ಚಾಚಾ ಬಿಳೇ ಅಂಗಿ ಹಾಕ್ಕೊಂಡು ಬಂದಿದ್ರು, ಇಸ್ತ್ರಿ ಮಾಡಿದ್ದು. ನೀವಽ ಮಾಡಿದ್ರೇನು? ಮುಂಜಾನೆ ಗಾಡಿ ತೊಳದು, ಲಿಂಬಿಹಣ್ಣು ಇಟ್ಟು, ಪೂಜಾ ಮಾಡಿ ಹೊಂಟ್ವಿ. ನಮ್ಮ ಮನಿಯವರು ಸ್ಟೇರಿಂಗ್, ನಾ ಬಾಜುಕ. ಗಾಡಿಯೊಳಗ ಎಂಥಾ ಘಮ ಅಂತೀರಿ! ಮೊದಲ ಮಳಿ ಬಿದ್ದ... ಅಂದ್ರ, ಊದಿನಕಡ್ಡೀದು. ಪೂಜಾ ಮಾಡಿದ್ವೆಲ್ಲಾ.

ಮೂರು ನಿಮಿಷ ಓಡಿತು. ನಾಕನೇ ನಿಮಿಷಕ್ಕ ಕೆಮ್ಮಿತು, ಮತ್ತ ಕೆಮ್ಮಿತು, ನಿಂತಽ ಬಿಡ್ತು. ನಡುರಸ್ತಾದಾಗ. ಎಲ್ಲಾರ ಮುಂದ. ಗಂಡಸರು ಟ್ರ್ಯಾಕ್ಟರ್ ಹುಡಕಾಕ ಹೋದ್ರು, "ನೀ ಬಿಸಲಾಗ ಬರಬ್ಯಾಡ, ಇಲ್ಲೇ ಇರು" ಅಂತ ನನ್ನ ಬಿಟ್ಟು. ಟ್ರ್ಯಾಕ್ಟರಿಗೆ ಕಟ್ಟಿ ಗ್ಯಾರೇಜಿಗೆ ಎಳಕೊಂಡು ಬಂದಾಗ ಆಫ್ತಾಬ ಡಬ್ಬಿ ತಗದ. ಕಾಗದದ ಫಿಲ್ಟರು ಚಾದಾಗ ಅದ್ದಿದ ಖಾರಿ ಬಿಸ್ಕೀಟಿನಂಗ ಉಬ್ಬಿ ಕುಂತಿತ್ತು. ತೊಯ್ದು ತೊಪ್ಪಿ! "ಚಾಚಾ, ಪೈಪಿನ ಬಾಯಿ ಸರಿ ಇಟ್ಟಿಲ್ಲ ನೀವು, ಗಾಡಿ ತೊಳದ ನೀರೆಲ್ಲಾ ಒಳಗ ಹೋಗೈತಿ" ಅಂದ. "ಕಣ್ಣು ಸರಿ ಕಾಣವಲ್ದು ನಿಮಗ. ಇನ್ನ ಮನ್ಯಾಗ ಆರಾಮ ಇರ್ರಿ" ಅಂದ.

ಚಾಚಾ ಫಿಲ್ಟರ್ ಕೈಯಾಗ ತಗೊಂಡ್ರು, ಮೂಗಿನ ಹತ್ರ ಹಿಡದ್ರು, ಕೆಳಗ ಇಟ್ರು. ಕೈ ಒರಸ್ಕೊಂಡ್ರು. ತಮ್ಮ ಪಾನಾ ಚೀಲಾ ತಗೊಂಡು ನಡದಽ ಬಿಟ್ರು.

ಅಷ್ಟಽ ಆದದ್ದು. ಇಂಜಿನ್ನಿಗೇನೂ ಆಗಿಲ್ರಿ, ಹೊಸಾ ಫಿಲ್ಟರ್ ಹಾಕಿದ ಕೂಡ್ಲೆ ಚಾಲೂ ಆತು. ಆಫ್ತಾಬ ಆ ತಗಡು, ಆ ಪೈಪು ಎಲ್ಲಾ ಕಿತ್ತು ಒಗದ. ಈಗ ಗಾಡಿ ಮತ್ತ ಹನ್ನೊಂದನೇ ನಿಮಿಷಕ್ಕ ತೇಕತೈತಿ. ಅದಕ್ಕಽ ನಾ ಏನಂತೀನಿ ಅಂದ್ರ, ಆದದ್ದು ಆಗಿ ಹೋತು, ಚಾಚಾ ನಾಳೆ ಬಂದು ಆಫ್ತಾಬಗ ಒಂದು ಸಲಾಮ್ ಹೇಳಿ ಕೆಲಸಕ್ಕ ನಿಂತ್ರ...

ಏನರೆ ಅನ್ರೀ ಚಾಚಿ.

ಚೀಲಾ ಯಾಕ ನೋಡಾಕತ್ತೀರಿ? ಹೊಸಾದು. ಮೊನ್ನಿ ತಗೊಂಡೆ. ಹಳೇದೇನಾತು ಅಂದ್ರ... ಒಣಗಾಕ ಹಾಕೀನಿ. ತೊಯ್ದಿತ್ತು. ಹೆಂಗ ಅಂದ್ರ... ಹಿಂಗಽ, ನೀರಿನ ಬಾಟ್ಲಿ ಸೋರಿತ್ತು. ಸೋರತಾವಲ್ರಿ ಬಾಟ್ಲಿ!

ಮತ್ತ ಸುಮ್ನ ಕುಂತ್ರಿ. ನಿಮ್ಮದು ಇದ ನೋಡ್ರಿ ನನಗ ಆಗಿ ಬರಂಗಿಲ್ಲ. ಬೈರಿ, ತಡಕೋತೀನಿ. ಕಾಲೇಜಿನ್ಯಾಗ ನಾನಽ ಹಿಂಗ ಮಾಡ್ತೀನಿ. ಕಾಪಿ ಹೊಡದವರ ಮುಂದ ಹೋಗಿ ಸುಮ್ನ ನಿಂದ್ರತೀನಿ, ಅವರಽ ಚೀಟಿ ತಗದು ಕೊಡ್ತಾರ. ನೀವು ಎಲ್ಲಿ ಕಲತ್ರಿ ಇದನ್ನ? ಮತ್ತ ಕೂಲರ್ ಕಡೆ ಯಾಕ ನೋಡ್ತೀರಿ ಪದೇಪದೇ, ಅದರಾಗ ಏನೈತಿ ಅಂಥಾದ್ದು...

...

ಕೂಲರಿನ ಈ ಬಾಜು ಗ್ವಾಡಿ ಕಡೆ ಇತ್ತಲ್ರಿ, ಚಾಚಿ?

ನಾ ಹೋದ ಸಲ ಬಂದಾಗ ಈ ಬಾಜು ಗ್ವಾಡಿಗಿತ್ತು. "ಹಿಂದಿಂದ ಕತ್ತರಸ್ತೀನಿ ತಡಿ, ಯಾರಿಗೂ ಕಾಣಂಗಿಲ್ಲ" ಅಂತ ನೀವಽ ಅಂದಿದ್ರಿ. ಕೂಲರಿಗೆ ಹಚ್ಚಿದ ಲಾವಂಚದ ಜಾಳಗಿ, ಒಂದು ಗೇಣು. ಕಾಲೇಜಿನ್ಯಾಗ ಪ್ರಯೋಗ ಐತಿ ಅಂದಿದ್ದೆ ನಾ. ಪ್ರಯೋಗ ಅಂದ್ರ ಚಂದ ಇರಬೇಕು ಅಂತ, ಎಳಿ ಬಿಚ್ಚಬಾರ್ದು ಅಂತ, ನೀವು ಸುತ್ತ ಹಸರು ದಾರಾ ಹಾಕಿ ಹೊಲದು ಕೊಟ್ಟಿದ್ರಿ. ಈಗ ಆ ತೂತು ನನ್ನ ಮಾರಿ ಮುಂದ. ಯಾವಾಗ ತಿರುಗಿಸಿದ್ರಿ ಇದನ್ನ? ಆ ಐತವಾರ ಸಂಜೀಕೇನು?

ಹೌದ್ರಿ. ಹೌದು. ನಾನಽ.

ಆ ಜಾಳಗಿ ತುಂಡನ್ನ ನಾನಽ ತೊಯ್ಸಿ ಇಟ್ಟೆ. ಹೊಂಡೂ ಮೊದಲ, ಪೈಪಿನ ಬಾಯಾಗ. ಪ್ರತಿ ವರ್ಷ ಏಪ್ರಿಲ್‌ದಾಗ ಪಾಠಾ ಹೇಳ್ತೀನಿ, ಗಡಿಗ್ಯಾಗಿನ ನೀರು ಯಾಕ ತಣ್ಣಗಾಗತೈತಿ ಅಂತ. ನೀರು ಆರೂಮುಂದ ಶಾಖಾ ಎಳಕೋತೈತಿ, ಕೂಲರೂ ಹಂಗಽ. ಮನಿಗೆ ನಡೀತೈತಿ ಅಂದ್ರ ಇಂಜಿನ್ನಿಗೆ ಯಾಕ ನಡ್ಯಂಗಿಲ್ಲ? ಹೊರಗಿನ ಹವಾಕಿಂತ ತಣ್ಣನ್ನ ಹವಾ ಕೊಟ್ಟು ತೋರಸಬೇಕಿತ್ತು. ಚಾಚಾಗ ಅಷ್ಟಽ ಅಲ್ಲ, ಇವರಿಗೆ, ಆ ನಕ್ಕವರಿಗೆಲ್ಲಾ. ಮತ್ತ ಇಳೀತ್ರಿ ಚಾಚಿ! ಇಪ್ಪತ್ತೊಂಬತ್ತು ಡಿಗ್ರಿ! ಥರ್ಮಾಮೀಟರ್ ನನ್ನ ತೊಡಿ ಮ್ಯಾಲ ಇತ್ತು. ಗಾಡಿ ತುಂಬ ಲಾವಂಚದ ಘಮ. ಮೂರು ನಿಮಿಷ ಈ ಧಾರವಾಡ ಜಿಲ್ಲಾದಾಗ ನನ್ನಷ್ಟು ಶ್ಯಾಣ್ಯಾ ಹೆಂಗಸು ಇರಲಿಲ್ಲ. ಬಾಯಿತನಕ ಬಂದಿತ್ತು, "ನೋಡ್ರಿ ಇಲ್ಲೆ" ಅಂತ. ಅಷ್ಟರಾಗ ಕೆಮ್ಮಿತು.

ಕೂಲರಿನ ಗಾಳಿ ಮೆಲ್ಲಕ ಬರತೈತಿ. ಎಂಬತ್ತರ ಸ್ಪೀಡಿನ್ಯಾಗ ಗಾಳಿ ಮೆಲ್ಲಕ ಬರಂಗಿಲ್ಲ, ಹನಿ ಹನಿ ಕಿತ್ತು ಒಳಗ ಒಗೀತೈತಿ. ಮುಂದ ಕಾಗದದ ಫಿಲ್ಟರು. ಇದು ನನಗ ತಿಳೀಬೇಕಿತ್ತಲ್ಲಾ? ಎಂಎಸ್ಸಿ ಫಸ್ಟ್ ಕ್ಲಾಸ್ ನಾ!

ಟ್ರ್ಯಾಕ್ಟರ್ ತರಾಕ ಹೋದಾಗ... ಹೌದು, ನಾ ಒಬ್ಬಾಕಿನಽ ಇದ್ದೆ. ಪೈಪಿನ ಬಾಯಾಗ ಕೈ ಹಾಕಿ ಎಳದು ಚೀಲದಾಗ ತುರುಕಿದೆ. ಚಾಚಾ ಬೈಸಿಕೊಳ್ಳೂಮುಂದ ಅದು ನನ್ನ ಬಗಲಾಗಿತ್ತು, ಚಾಚಿ. ನೀರು ಸೋರಿ ಸೀರಿ ತೊಯ್ಯಾಕತ್ತಿತ್ತು. ಒಂದ ಮಾತು ಅನ್ನೂದಿತ್ತು. "ಆಫ್ತಾಬ, ತಡಿಪಾ" ಅಂತ, ಅಷ್ಟಽ. ಚೀಲಾ ಇನ್ನಷ್ಟು ಬಗಲಾಗ ಒತ್ತಿಕೊಂಡೆ. ನಮ್ಮ ಮನಿಯವರು ಮತ್ತ ನಗತಾರ ಅನ್ನೂದಽ ತಲಿಯಾಗ. ಅವರು ನಗೂದಕ್ಕ ಅಂಜಿ ನಾ ಒಬ್ಬರ ನಲವತ್ತು ವರ್ಷದ ಕೈಗೆ ಕಪ್ಪು ಹಚ್ಚಿದೆ. ಇವತ್ತ ಬಂದು ಮತ್ತ ಚಾಚಾನಽ ಸಲಾಮ್ ಹೇಳಬೇಕು ಅಂತೀನಿ! ನನ್ನ ದೊಡ್ಡ ಮನಸು ನೋಡ್ರಿ...

ನೀವು ಚಾಚಾಗ ಹೇಳಿಲ್ಲೇನು? ಹನ್ನೆರಡು ದಿನಾ?

ತಡೀರಿ. ಚಾಚಾನ ಖಾಟು ಕೂಲರಿನ ಈ ತೂತಿನ ಎದುರಿಗಽ ಐತಿ.

ಫಿಲ್ಟರ್ ಮೂಗಿಗೆ ಹಿಡದಿದ್ರಲ್ಲಾ ಅವರು. ಆಮ್ಯಾಲ ನನ್ನ ಕಡೆ ಒಂದು ಸಲ ನೋಡಿದ್ರು. ನೋಡಿ, ಕೈ ಒರಸ್ಕೊಂಡ್ರು. ತೊಳದ ನೀರು ಲಾವಂಚದ ವಾಸನಿ ಹೊಡ್ಯಂಗಿಲ್ಲ ಅನ್ನೂದು ಅವರಿಗೆ ಯಾರು ಹೇಳಬೇಕಿತ್ತು? ಅವತ್ತಽ ಗೊತ್ತಿತ್ತು. ಅಲ್ಲೇ ನಿಂತಲ್ಲೇ ಗೊತ್ತಿತ್ತು. ಮನಿಗೆ ಬಂದು ಕೂಲರ್ ತಿರುಗಿಸಿದವರು ನೀವಲ್ಲ, ಅಲ್ರೀ? ಅವರಽ. ತೂತು ನೋಡಿಕೋತ ಕುಂತಾರ, ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ.

ಈಗರೆ ಬೈರಿ ಚಾಚಿ. ಬೈಯಂಗಿಲ್ಲ? ಸೆರಗಿಲೇ ಕಣ್ಣು ಒರಸ್ಕೊಬ್ಯಾಡ್ರಿ, ನನಗೂ ಬರತೈತಿ, ಮತ್ತ ನಾ ಅಳೂದು ನೋಡಾಕ ಆಗಂಗಿಲ್ಲ, ಸೊರಸೊರ ಮೂಗು ಎಳೀತೀನಿ.

ಆ ತಗಡು, ಆ ಪೈಪು ಗುಜರಿ ಭಂಗಾರಕ್ಕ ಹೋಗಿಲ್ಲ. ನಾ ಆರಿಸಿ ತಂದೀನಿ, ಹೊರಗ ಸ್ಕೂಟರಿನ ಡಿಕ್ಕ್ಯಾಗ ಐತಿ. ಎಣ್ಣಿ ಡಬ್ಬಿ ಮ್ಯಾಲಿನ ಶೇಂಗಾ ಚಿತ್ರ ಇನ್ನೂ ಹಂಗಽ ಐತಿ. ಸೊಟ್ಟ ಆಗೈತಿ ಸ್ವಲ್ಪ. ಬಡದ್ರ ನೆಟ್ಟಗಾಗತೈತಿ, ಆದ್ರ ಬಡ್ಯಾಕ ನನಗ ಬರಂಗಿಲ್ಲ.

ಬಾಗ್ಲಾ ಸಪ್ಪಳ... ಅವರಽ ಬಂದ್ರು. ನಾ ಹಿತ್ತಲ ಬಾಗ್ಲಿಂದ ಹೋಗತೀನಿ. ಇಲ್ಲ, ಓಡಿ ಹೋಗಾಕಲ್ಲ ಚಾಚಿ! ಇಲ್ಲಿ ಅವರೊಬ್ಬರ ಮುಂದ ಹೇಳಿದ್ರ ಅದೂ ಇನ್ನೊಂದು ಮುಚ್ಚಿಡೂದಽ. ಅವರನ್ನ ಎಲ್ಲಾರ ಮುಂದ ಅಂದಾರ, ನಾ ಎಲ್ಲಾರ ಮುಂದ ಹೇಳಬೇಕು. ನಮ್ಮ ಮನಿಯವರು ನಗಲಿ, ಹೊಟ್ಟಿ ಹಿಡಕೊಂಡು ನಗಲಿ.

ನೀವು ಚಾಚಾಗ ಇಷ್ಟಽ ಹೇಳ್ರಿ. ನಾಳೆ ಹತ್ತಕ್ಕ ಗ್ಯಾರೇಜಿಗೆ ಬರಬೇಕಂತ. ಪಾನಾ ಚೀಲಾ ತಗೊಂಡು. ಮತ್ತ ಆ ಬಿಳೇ ಅಂಗಿನಽ ಹಾಕ್ಕೊಂಡು ಬರಬೇಕಂತ ಹೇಳ್ರಿ.