ಲೆಕ್ಕಕ್ಕೆ ಸಿಗದ ಎರಡು ಬಿಲ್ಲೆಗಳು

ಹೆಸರು ಕಡತದಲ್ಲಿದೆ; ಕೆಲಸದ ಜಾಗದಲ್ಲಿ ಎಲ್ಲರೂ ಕುಲುಮೆಯಣ್ಣ ಎನ್ನುತ್ತಾರೆ. ವಯಸ್ಸು ಐವತ್ತೊಂಬತ್ತು. ಉದ್ಯೋಗ ಪರಮಾಣು ಇಂಧನ ಪರೀಕ್ಷಾಲಯದಲ್ಲಿ ಕುಲುಮೆ ನಡೆಸುವುದು. ವಾಸ ನೌಕರರ ವಸತಿ, ಮೂರನೇ ಕಟ್ಟಡ, ಎರಡನೇ ಮಹಡಿ. ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಬೆಳಿಗ್ಗೆ 9.10ಕ್ಕೆ ಉಗ್ರಾಣದ ಮೇಡಂ ಆರು ಇಂಧನ ಬಿಲ್ಲೆಗಳನ್ನು ಎಣಿಸಿ, ಲೋಹದ ಕೊಳವೆಯೊಳಗೆ ಜೋಡಿಸಿ, ಮೂಸೆ ಎಂಬ ಕುಲುಮೆಯ ಪಾತ್ರೆಯಲ್ಲಿಟ್ಟು ತೂಗಿದರು. ಮೂಸೆಯೂ ಸೇರಿ 273 ಗ್ರಾಂ. ಅದನ್ನು ನನ್ನ ಸಹಾಯಕ, ಅಂದರೆ ನನ್ನ ಹೆಂಡತಿಯ ತಮ್ಮ, ಕುಲುಮೆಯವರೆಗೆ 38 ಮೀಟರ್ ಒಬ್ಬನೇ ತಂದನು. 1500 ಡಿಗ್ರಿಯಲ್ಲಿ ಬಿಲ್ಲೆಯೂ ಕೊಳವೆಯೂ ಒಂದನ್ನೊಂದು ಎಷ್ಟು ಕಚ್ಚುತ್ತವೆ ಎಂದು ನೋಡುವುದೇ ಪರೀಕ್ಷೆ.

10.25ಕ್ಕೆ ಕುಲುಮೆ ಹೊತ್ತಿಸಿದೆ. 12.05ರಿಂದ ಇಪ್ಪತ್ತು ನಿಮಿಷ ಮೀಟರು 1500 ತೋರಿಸಿತು. ಹಾಗೆಯೇ ಪುಸ್ತಕದಲ್ಲಿ ಬರೆದೆ. ಆರಿದ ಮೇಲೆ 4.40ಕ್ಕೆ ತೆರೆದಾಗ ಕೊಳವೆ ಕರಗಿ ಮುದ್ದೆಯಾಗಿತ್ತು. ಅದರಲ್ಲಿ ನಾಲ್ಕು ಬಿಲ್ಲೆ ಕಂಡವು. ಎರಡು ಇಲ್ಲ.

ನಮ್ಮಲ್ಲಿ ಬಿಲ್ಲೆ ಎಣಿಸಿ ಹೋಗಬೇಕು, ಎಣಿಸಿ ಬರಬೇಕು. ಮುದ್ದೆಯನ್ನು ತೂಗುವ ರೂಢಿಯಿಲ್ಲ. ಕಾವಲು ಮೇಲ್ವಿಚಾರಕರು ಭಾವಮೈದುನನ ಜೇಬು, ಬೂಟು, ಊಟದ ಡಬ್ಬಿ ಎಲ್ಲ ತಡಕಿದರು. ಏನೂ ಸಿಗದಿದ್ದರೂ ಬೇಲಿಯೇ ಹೊಲ ಮೇಯ್ದಿದೆ ಎಂದರು. 6.30ಕ್ಕೆ ತಾವು ಅವನನ್ನು ಕರೆದೊಯ್ದಿರಿ.

ಇಂದು ಬೆಳಿಗ್ಗೆ 8.05ಕ್ಕೆ ಪರೀಕ್ಷಾಲಯದ ಸಾಹೇಬರ ಎದುರಿನಲ್ಲೇ ಮುದ್ದೆ ಸಮೇತ ಮೂಸೆ ತೂಗಿಸಿದೆ. 273 ಗ್ರಾಂ. ಕರಗಿದ ಸಕ್ಕರೆ ಕಾಣುತ್ತಿಲ್ಲವೆಂದು ಚಹಾ ತಂದವನನ್ನು ಹಿಡಿಯುತ್ತಾರೆಯೇ ಎಂದು ಕೇಳಿದೆ. ಪುಸ್ತಕದ ಪ್ರಕಾರ ಶಾಖ 1500, ಅಷ್ಟಕ್ಕೆ ಕೊಳವೆ ಕರಗುವುದೇ ಇಲ್ಲವಂತೆ, ಆದ್ದರಿಂದ ಭಾವಮೈದುನನೇ ಎರಡು ಬಿಲ್ಲೆ ತೆಗೆದು ಸಮತೂಕದ ಬೇರೆ ಲೋಹ ಹಾಕಿದ್ದಾನೆ ಎಂದು ಸಾಹೇಬರು ಹೇಳಿದರು. ಅವರ ಲೆಕ್ಕ ಸರಿ. ತಪ್ಪಿರುವುದು ಪುಸ್ತಕ, ಅಕ್ಷರ ನನ್ನದು.

ಶಾಖ ಅಳೆಯುವ ತಂತಿ 31 ಸೆಂಟಿಮೀಟರ್ ಒಳಗೆ ಹೋಗಬೇಕು. ಇಪ್ಪತ್ತೇಳು ವರ್ಷದಿಂದ ನಾನು ಅಳತೆಪಟ್ಟಿ ಹಿಡಿದವನಲ್ಲ, ಕೈಯಂದಾಜಿನಲ್ಲೇ ತೂರಿಸುತ್ತೇನೆ. ನಿನ್ನೆ 22ಕ್ಕೇ ಸಿಕ್ಕಿಕೊಂಡಿತು (ಇಂದು ಬೆಳಿಗ್ಗೆ ಪಟ್ಟಿ ಹಿಡಿದು ಅಳೆದದ್ದು). ತಳ ಮುಟ್ಟಿತೆಂದುಕೊಂಡೆ. ತುದಿಯಿದ್ದ ಕಡೆ 1500, ಮೂಸೆಯಿದ್ದ ಕಡೆ 1900 ದಾಟಿರಬೇಕು. ಆ ಶಾಖಕ್ಕೆ ಕೊಳವೆ ನೀರಾಗುತ್ತದೆ, ನೀರಾದ ಲೋಹ ಬಿಲ್ಲೆಯನ್ನು ಕರಗಿಸಿಕೊಳ್ಳುತ್ತದೆ. ಹೊಲ ಮೇಯ್ದ ಬೇಲಿ ಅದು.

10.20ಕ್ಕೆ ಭಾವಮೈದುನ ಹೇಳಿದ್ದ: "ಭಾವ, ತಂತಿ ತಳ ಮುಟ್ಟಿಲ್ಲ ಅನ್ಸುತ್ತೆ. ಇನ್ನೊಂದ್ಸಲ ನೋಡಿ."

"ನೀನು ಹುಟ್ಟೋಕೆ ಮುಂಚೆಯಿಂದ ಬೆಂಕಿ ನೋಡ್ತಿದ್ದೀನಿ ಕಣೋ" ಎಂದೆ.

ಈ ಮಾತನ್ನು ಅವನು ತಮ್ಮೆದುರು ಬಾಯಿಬಿಟ್ಟಿಲ್ಲವೆಂದು ಸಾಹೇಬರಿಂದ ತಿಳಿಯಿತು. 8.40ಕ್ಕೆ ಮನೆಗೆ ಹೋಗಿ ಅಡುಗೆಮನೆಯಿಂದ ಬಾಗಿಲಿಗೆ ಓಡಾಡಿದೆ. ಹನ್ನೊಂದು ಹೆಜ್ಜೆ. ಎಷ್ಟು ಸಲ ಎಂದು ಎಣಿಸಲಿಲ್ಲ. ಹೆಂಡತಿ ತಮ್ಮನ ಅಂಗಿಯನ್ನು ಮಡಿಸುತ್ತಿದ್ದಳು, ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಅವನು ಯಾರಿಗಾಗಿ ಸುಮ್ಮನಿದ್ದಾನೆಂದು ನನಗೆ ಗೊತ್ತಿದೆಯೇ ಎಂದು ಕೇಳಿದಳು. ನಿವೃತ್ತಿಗೆ ನಾಲ್ಕು ತಿಂಗಳಿದೆ ಎಂದೆ. ಅದು ಉತ್ತರವಲ್ಲ ಎಂದಳು. 9.25ಕ್ಕೆ ಚಪ್ಪಲಿ ಮೆಟ್ಟಿದೆ.

ಇಷ್ಟನ್ನು ಬರೆದ ಮೇಲೆ ಭಾವಮೈದುನನನ್ನು ಕರೆಸಿ ಓದಿ ಹೇಳಲಾಯಿತು. ಅವನು ನನ್ನ ಮುಖ ನೋಡದೆ, "ಭಾವ ನನ್ನ ಬಿಡಿಸೋಕೆ ಹೀಗೆ ಹೇಳ್ತಿದ್ದಾರೆ ಸಾರ್. ತಂತಿ ಹಾಕಿದ್ದು ನಾನೇ" ಎಂದನು.

ಅದು ಸುಳ್ಳು. ಆರು ವರ್ಷದಿಂದ ಒಂದು ಸಲ ತಂತಿ ಹಾಕಲು ಬಿಡಿ ಎಂದು ಕೇಳುತ್ತಲೇ ಇದ್ದಾನೆ. ಇದುವರೆಗೆ ನಾನು ಮುಟ್ಟಗೊಟ್ಟಿಲ್ಲ.

ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದ್ದೇನೆ. ಇದರಲ್ಲಿ ಅಂದಾಜಿನ ಮಾತು ಆ 1900 ಒಂದೇ. ಉಳಿದದ್ದೆಲ್ಲ ನಾನು ಕಂಡು, ಮಾಡಿ, ತಿಳಿದಂತೆ ಸತ್ಯ.

ಸ್ಥಳ: ಠಾಣೆ
ದಿನಾಂಕ: ಹದಿನಾಲ್ಕು, ಬೆಳಿಗ್ಗೆ 10.50
ಸಹಿ: (ಕುಲುಮೆಯಣ್ಣ)